ಕೊಳವೆಯೊಳಗೆ ಬೆಳೆದದ್ದು

ಆ ಬೆಳಿಗ್ಗೆ ಗಾಲ್ಮೆ ದ್ವೀಪದ ನಲ್ಲಿಗಳು ಉಸಿರಾಡತೊಡಗಿದವು. ತಿರುಗಿಸಿದರೆ ಮೊದಲು ನೀಳವಾದ ಒಂದು ಉಸಿರು, ಆಮೇಲೆ ದಾರದಷ್ಟು ನೀರು, ಮತ್ತೆ ಉಸಿರು.

ಬುನ್‌ರ್ಯೆ ಅಜ್ಜಿ ಪಾತ್ರೆ ಹಿಡಿದು ಕಾಯುತ್ತಲೇ ಇದ್ದರು. ಒಳಕೋಣೆಯಲ್ಲಿ ಸೊಸೆ, ಪಕ್ಕದಲ್ಲಿ ಹದಿನೆಂಟು ದಿನದ ಮೊಮ್ಮಗಳು. ಬಾಣಂತಿಗೆ ಕಡಲಪಾಚಿಯ ಸಾರು ಆಗಬೇಕು, ಮಗುವಿನ ಹಾಲುಪುಡಿಗೆ ನೀರು ಕಾಯಬೇಕು. ಮಂಜು ಕವಿದು ನಾಲ್ಕು ದಿನವಾಗಿತ್ತು, ದೋಣಿ ಬಂದಿರಲಿಲ್ಲ. ಬಾವಿಯೇ ಇಲ್ಲದ ಊರದು. ಮೂವತ್ತೇಳು ಮನೆಯವರೂ ಕುಡಿಯುವುದು ಕಡಲನ್ನೇ, ದಡದ ಘಟಕ ಅದರ ಉಪ್ಪು ತೆಗೆದು ಕೊಟ್ಟ ಮೇಲೆ. ಮೇಲಿನ ತೊಟ್ಟಿಯಲ್ಲಿ ಇನ್ನೊಂದು ದಿನದ ನೀರು ಮಾತ್ರ ಉಳಿದಿತ್ತು.

ಹೊರಗೆ ಕಡಲು ಕೆಂಪವರೆ ಗಂಜಿಯ ಕಂದುಗೆಂಪು ಬಣ್ಣಕ್ಕೆ ತಿರುಗಿತ್ತು. ಅಲೆಯ ಸದ್ದು ಕೂಡ ದಪ್ಪಗಾಗಿತ್ತು. ಹಕ್ಕಿ ಒಂದೂ ಇರಲಿಲ್ಲ.

ಘಟಕ ನೋಡಿಕೊಳ್ಳುವವರು ಅಜ್ಜಿಯ ಗಂಡ ಪಾನ್‌ಸೊಕ್. ಪಂಪಿಗೆ ವಯಸ್ಸಾಯಿತು, ಅಷ್ಟೇ ಎಂದರು ಅವರು. ತಪಾಸಣೆಗೆಂದು ಬಂದು ಮಂಜಿನಿಂದ ಇವರ ಮನೆಯಲ್ಲೇ ಉಳಿದಿದ್ದ ನೀರಿನ ಇಲಾಖೆಯ ಸುರ್ಯೋನ್ ಒಪ್ಪಲಿಲ್ಲ. ಪಂಪು ಮೊದಲಿಗಿಂತ ಜೋರಾಗಿ ತಳ್ಳುತ್ತಿದೆ, ನೀರು ಮಾತ್ರ ಅರ್ಧವೂ ಬರುತ್ತಿಲ್ಲ, ಒಳಗೆ ಏನೋ ಅಡ್ಡ ನಿಂತಿದೆ ಎಂದಳು. ಕಡಲನೀರನ್ನು ಮೊದಲು ಸೋಸುವ ಫಿಲ್ಟರುಗಳನ್ನು ಎಲ್ಲಿ ತೊಳೆಯುತ್ತೀರಿ ಎಂದು ಕೇಳಿದಳು.

ಪಾನ್‌ಸೊಕ್ ಹೆಮ್ಮೆಯಿಂದಲೇ ಅವಳನ್ನೂ ಜೊತೆಗೆ ಹೊರಟ ಅಜ್ಜಿಯನ್ನೂ ದಡದ ಕಟ್ಟೆಗೆ ಕರೆದೊಯ್ದು, ಕಡಲಿಗೆ ಇಳಿಬಿಟ್ಟಿದ್ದ ಬಲೆಚೀಲವನ್ನು ಎಳೆದರು. ಅಜ್ಜಿಯ ಹಾಗೆ ಕಡಲಡಿಗೆ ಮುಳುಗಿ ದುಡಿಯುವ ಹೆಂಗಸರು ಹಿಡಿದ ಶಂಖಗಳನ್ನು ಜೀವಂತ ಇಡುವ ಚೀಲ ಅದು. ಈಗ ಅದರೊಳಗೆ ಎಂಟು ಹಳೆಯ ಫಿಲ್ಟರುಗಳಿದ್ದವು.

"ಮೂರು ದಿನ ತೂಗುಬಿಟ್ರೆ ಹೊಸದಾಗುತ್ತೆ. ಶಂಖ ಬದುಕೋ ನೀರಮ್ಮ ಇದು, ಫಿಲ್ಟರ್ ಕೆಡುತ್ತಾ?"

"ಶಂಖ ಬದುಕುತ್ತೆ ಅಂತಲೇ ನಂಗೆ ಹೆದರಿಕೆ, ಅಜ್ಜಾ. ಮಿಕ್ಕಿದ್ದೂ ಬದುಕುತ್ತೆ."

ಘಟಕಕ್ಕೆ ಮರಳಿ, ಉಪ್ಪು ಸೋಸುವ ಪೊರೆ ಇರುವ ಉದ್ದನೆಯ ಕೊಳವೆಗಳಲ್ಲಿ ಒಂದನ್ನು ನಿಲ್ಲಿಸಿ ಅದರ ಬಾಯಿ ತೆಗೆಸಿದಳು. ಒಳಗೆ ಕಂದು ಲೋಳೆ. ನೀರು ಇಳಿಯುತ್ತಿದ್ದ ಹಾಗೆ ಅದು ಮೆಲ್ಲಗೆ ಉಬ್ಬಿತು, ತಗ್ಗಿತು. ನಲವತ್ತು ವರ್ಷ ಕಡಲಡಿ ಕೈಯಾಡಿಸಿದ ಬುನ್‌ರ್ಯೆ ಅಜ್ಜಿ ಬೆರಳಿಟ್ಟವರೇ ಕೈ ಹಿಂದೆಳೆದುಕೊಂಡರು.

"ಯಾರದೋ ನಾಲಿಗೆ ಮುಟ್ಟಿದ ಹಾಗಾಯ್ತು," ಎಂದರು.

ಸುರ್ಯೋನ್ ಬಿಡಿಸಿ ಹೇಳಿದಳು. ಕಡಲು ಕೆಂಪಾಗುವುದು ಕಣ್ಣಿಗೆ ಕಾಣದ ಕೋಟಿ ಜೀವಿಗಳಿಂದ. ಅವು ಸತ್ತು ಅಂಟು ಬಿಡುತ್ತವೆ, ಅಂಟು ಪೊರೆಗೆ ಮೆತ್ತುತ್ತದೆ, ಅದನ್ನು ತಿನ್ನಲು ಬೇರೆ ಜೀವಿಗಳು ಬಂದು ಅಲ್ಲೇ ಮನೆ ಮಾಡುತ್ತವೆ. ಬಲೆಚೀಲದಲ್ಲಿ ತೂಗಿದ ಫಿಲ್ಟರುಗಳು ಅವುಗಳನ್ನು ತಡೆಯುವ ಬದಲು ಒಳಗೇ ಹೊತ್ತು ತಂದಿದ್ದವು. ಪಂಪು ಜೋರು ಮಾಡಿದಷ್ಟೂ ಲೋಳೆ ಒತ್ತಿ ಗಟ್ಟಿಯಾಗುತ್ತದೆ. ಕೊಳೆಯನ್ನು ಹೆಪ್ಪುಗಟ್ಟಿಸಿ ತಳಕ್ಕಿಳಿಸುವ ಪುಡಿಯ ಮೂಟೆಗಳು ಮೂಲೆಯಲ್ಲಿ ಬಾಯಿ ಬಿಚ್ಚದೆ ಕೂತಿದ್ದವು. ಅವನ್ನೂ ಅವಳು ನೋಡಿದಳು.

ಹಾಗಾದರೆ ಬ್ಲೀಚು ಸುರಿಯೋಣ ಎಂದರು ಪಾನ್‌ಸೊಕ್. ಬ್ಲೀಚು ಪೊರೆಯನ್ನೇ ತಿಂದುಹಾಕುತ್ತದೆ ಎಂದು ಅವಳು ತಡೆದಳು. ಘಟಕವನ್ನು ಈಗಲೇ ಪೂರ್ತಿ ನಿಲ್ಲಿಸಬೇಕು, ಪೊರೆ ತೊಳೆಯಬೇಕು, ಇನ್ನು ಮುಂದೆ ಪುಡಿ, ಮರಳು, ಹೊಸ ಫಿಲ್ಟರು ದಾಟಿದ ನೀರನ್ನೇ ಒಳಗೆ ಬಿಡಬೇಕು ಎಂದಳು.

"ಕಡಲನ್ನೇ ತೊಳೆದು ಕೊಡ್ಬೇಕಾ ಯಂತ್ರಕ್ಕೆ? ನಾಳೆ ಅನ್ನಾನೂ ಅಗಿದು ಕೊಡು ಅಂತೀಯ. ನಿಲ್ಸಿದ್ದು ಮತ್ತೆ ಶುರುವಾಗ್ದಿದ್ರೆ ನನ್ನ ಮೊಮ್ಮಗಳಿಗೆ ನೀನು ನೀರು ತರ್ತೀಯಾ?"

ಅವಳು ತನ್ನ ತಪಾಸಣೆಯ ಪೆಟ್ಟಿಗೆ ತೆರೆದಳು. ಬಿಲ್ಲೆಯಷ್ಟಗಲದ ಎರಡು ಬಿಳಿ ಸೋಸುಕಾಗದ ತೆಗೆದಳು. ಒಂದರ ಮೂಲಕ ಬರೀ ಕಡಲನೀರು ಬಿಟ್ಟಳು. ಇನ್ನೊಂದರ ಮೂಲಕ, ಪುಡಿ ಕಲಸಿ ತಿಳಿಯಾಗಿಸಿ ಮರಳಲ್ಲಿ ಸೋಸಿದ ನೀರು. ಕಾಲು ಗಂಟೆ ಕಾದರು. ಮೊದಲನೆಯದರಲ್ಲಿ ಹನಿ ಬೇಗನೆ ನಿಂತುಹೋಯಿತು. ಕಾಗದದ ನಡುವೆ ಕಂದು ಕಲೆ ದುಂಡಗೆ ಮೂಡಿ, ಕಣ್ಣಿನ ಹಾಗೆ ಅವರನ್ನೇ ನೋಡುತ್ತಿತ್ತು. ಎರಡನೆಯದು ಬಿಳಿಯಾಗಿಯೇ ಉಳಿದಿತ್ತು.

ಪಾನ್‌ಸೊಕ್ ಆಗಲೂ ಘಟಕ ನಿಲ್ಲಿಸಲು ಮುಂದಾಗಲಿಲ್ಲ. ಆಗ ಅಜ್ಜಿ ಹೇಳಿದರು: "ನೋಡಿ ಇಲ್ಲಿ. ಮುಳುಗೋ ಮೊದ್ಲು ನಾನು ಕನ್ನಡಕದ ಗಾಜಿಗೆ ಮಾಚಿಪತ್ರೆ ಉಜ್ತೀನಲ್ಲ, ಯಾಕೆ? ಕೆಳಗಿಳಿದ್ಮೇಲೆ ಗಾಜು ಮಸುಕಾದ್ರೆ ಒರೆಸೋಕಾಗಲ್ಲ, ಅದಕ್ಕೆ. ನಿಮ್ಮ ಪೊರೆನೂ ಕೆಳಗಿಳಿದ ಗಾಜೇ ಕಣ್ರೀ. ಮೊದ್ಲೇ ಮಾಡ್ಬೇಕಾದ್ದನ್ನ ಮೊದ್ಲೇ ಮಾಡ್ಬೇಕು."

ಪಾನ್‌ಸೊಕ್ ಘಟಕ ನಿಲ್ಲಿಸುವ ಗುಂಡಿ ಒತ್ತಿದರು.

ಒಂಬತ್ತು ವರ್ಷಗಳಿಂದ ಯಾರೂ ಗಮನಿಸದೇ ಹೋಗಿದ್ದ ಯಂತ್ರದ ಗುಯ್‌ಗುಡುವಿಕೆ ನಿಂತಿತು. ಊರಿಗೆ ಊರೇ ಕಿವುಡಾದಂತಾಯಿತು. ಜನ ಒಬ್ಬೊಬ್ಬರಾಗಿ ಬಾಗಿಲು ತೆರೆದು, ಮಂಜಿನಲ್ಲಿ ಏನೂ ಕೇಳಿಸದೆ ನಿಂತರು.

ಪೊರೆ ತೊಳೆಯುವ ಮದ್ದಿನ ನೀರನ್ನು ಎರಡು ಸಲ ಸುತ್ತಿಸಿದರು. ಕೊಳವೆಗಳು ಮೊದಲು ಕಂದು ಕಾರಿದವು, ಆಮೇಲೆ ಚಹಾ ಬಣ್ಣ, ಕೊನೆಗೆ ತಿಳಿನೀರು. ಈ ನಡುವೆ ಪಾನ್‌ಸೊಕ್ ತಾವೇ ಮೂಟೆ ಬಿಚ್ಚಿ ಪುಡಿ ಕಲಸಿದರು, ಮರಳು ತೊಳೆದರು, ಹೊಸ ಫಿಲ್ಟರು ಕೂರಿಸಿದರು. ಸೋಸುಕಾಗದ ಬಿಳಿಯಾಗಿಯೇ ಉಳಿದದ್ದನ್ನು ಕಂಡ ಮೇಲೆಯೇ ಪಂಪು ಹಾಕಿದರು. ಮೊದಲ ನೀರನ್ನು ಹೊರಗೆ ಚೆಲ್ಲಿ, ಪರೀಕ್ಷೆ ಮಾಡಿ, ಆಮೇಲೆ ತೊಟ್ಟಿಗೆ ಬಿಟ್ಟರು.

ಸಂಜೆಗೆ ಅಜ್ಜಿಯ ಮನೆಯ ನಲ್ಲಿ ಉಸಿರಾಡಲಿಲ್ಲ. ನೀರು ಬಂತು. ಮಗುವಿನ ಹಾಲಿಗೆ ಮೊದಲ ಪಾತ್ರೆಯನ್ನು ಒಲೆಗಿಟ್ಟವರು ಪಾನ್‌ಸೊಕ್.

ಓದುವವರೇ, ಕೇಳುವವರೇ, ನಿಮ್ಮೂರೂ ಕಡಲನ್ನೇ ಕುಡಿಯುತ್ತಿದ್ದರೆ ಇವತ್ತೇ ಘಟಕಕ್ಕೆ ಹೋಗಿ. ಇವತ್ತಿನ ಸೋಸುಕಾಗದ ತೋರಿಸಿ ಎನ್ನಿ. ಪುಡಿ ಹಾಕಿದ್ದೀರಾ, ಮರಳು ತೊಳೆದಿದ್ದೀರಾ, ಫಿಲ್ಟರು ಹೊಸದಾ ಎಂದು ಕೇಳಿ. ಬಳಸಿದ ಫಿಲ್ಟರನ್ನು ಕಡಲಲ್ಲಿ ಅದ್ದಿ ಮತ್ತೆ ಹಾಕಬೇಡಿ. ಕಡಲು ಕೆಂಪಾಗುವ ದಿನಗಳಿಗೆ ತೊಟ್ಟಿ ತುಂಬಿಸಿಟ್ಟುಕೊಳ್ಳಿ, ಬಣ್ಣ ತೀರಾ ಗಾಢವಾದರೆ ಕಡಲನೀರು ಎಳೆಯುವುದನ್ನೇ ನಿಲ್ಲಿಸಿ. ಕಡಲು ಗಾಜಿನಷ್ಟು ತಿಳಿಯಾಗಿ ಕಂಡ ದಿನವೂ ಕೇಳುವುದನ್ನು ಬಿಡಬೇಡಿ. ಆ ಲೋಳೆ ಒಳಗೆ ಬರುವಾಗ ಸದ್ದು ಮಾಡುವುದಿಲ್ಲ.