ಆರ್ವೆಲ್ಲಾ ತನ್ನ ಕಾರಿನ ಟಾಪು ಕೊಯ್ಸಿದ್ದು

ಆರ್ವೆಲ್ಲಾ ಸ್ಕ್ಯಾಗ್ಸ್ ನನ್ನ ಟಿಂಕರಿಂಗ್ ಶೆಡ್ಡಿಗೆ ಬಂದಾಗ ಅವಳ ಹಣೆಯ ಮೇಲಿನ ಹೊಲಿಗೆ ಇನ್ನೂ ಹಸಿಯಾಗಿತ್ತು. ಏಪ್ರಿಲ್ ತಿಂಗಳು. ಟೆಲಿಗ್ರಾಫ್ ರಸ್ತೆಯ ಅಂಚಿನಲ್ಲಿ ಚಳಿಗಾಲದ ಹಿಮವೆಲ್ಲ ಕರಗಿ ಕಪ್ಪು ಕೊಚ್ಚೆಯಾಗಿತ್ತು. ಎತ್ತರದ ಪಿಕಪ್ ಟ್ರಕ್ಕಿನಿಂದ ಇಳಿದವಳು ಕತ್ತು ಅಲುಗಿಸದೆ, ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ ನಿಂತಳು.

"ಕ್ಯಾಜ್, ನನ್ ಚಾರ್ಜರ್ ಕಾರಿನ ಟಾಪು ಕೊಯ್ದು ತೆಗೀಬೇಕು. ನಿನ್ ಕೈಲಾಗುತ್ತಾ, ಇಲ್ಲಾ ಬೇರೆಯವರನ್ನ ನೋಡ್ಕೊಳ್ಲಾ?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ನನಗೂ ಅವಳಿಗೂ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ಕೆಲಸ ಮಾಡಿದ ಕಾಲದ ಸ್ನೇಹ. ಕೆಂಟಕಿಯ ಗುಡ್ಡಗಳಿಂದ ಅಪ್ಪನ ಜೊತೆ ಇಲ್ಲಿಗೆ ಬಂದ ಹುಡುಗಿ ಅವಳು. ನಾನು ಇಲ್ಲೇ, ಡೆಟ್ರಾಯಿಟ್‌ನ ಬೆನ್ನಿಗಿರುವ ಈ ಟೇಲರ್ ಊರಿನಲ್ಲೇ ಹುಟ್ಟಿದ ಪೋಲಿಷ್ ಮನೆತನದವನು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ, ಇನ್ನೂ ಮದುವೆಯಾಗುವ ಮೊದಲೇ, ಅವಳು ಓವರ್‌ಟೈಮ್ ಮಾಡಿ ಕಡು ಹಸಿರು ಬಣ್ಣದ ಡಾಡ್ಜ್ ಚಾರ್ಜರ್ ಕೊಂಡಳು. ಅಂಗಡಿಯವನು, "ಮನೆಯ ಗಂಡಸರನ್ನ ಕರ್ಕೊಂಡು ಬಾಮ್ಮ, ಮಾತಾಡೋಣ" ಅಂದನಂತೆ. "ಗಂಡಸು ಸಿಕ್ಕಾಗ ಅವನಿಗೆ ಬೇರೆ ತಗೋತೀನಿ, ಇದು ನನಗೆ" ಅಂದಳಂತೆ ಇವಳು. ಆಮೇಲೆ ಗಂಡಸೊಬ್ಬ ಸಿಕ್ಕಿದ, ಹೋದ. ಕಾರು ಉಳಿಯಿತು. ನಮ್ಮ ಕಡೆ ರಾತ್ರಿ ಪಾಳಿ ಮುಗಿಸಿ ಬರುವವರು ಆ ಎಂಜಿನ್ನಿನ ಗುಡುಗು ಕೇಳಿದರೆ, ಕಾರು ಕಣ್ಣಿಗೆ ಬೀಳುವ ಮೊದಲೇ ಕೈ ಎತ್ತುತ್ತಿದ್ದರು.

ನಲವತ್ತು ದಾಟಿದ ಮೇಲೆ ಅವಳ ಬೆನ್ನುಮೂಳೆ ಗಟ್ಟಿಯಾಗತೊಡಗಿತು. ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ಕತ್ತು. ಗಂಟು ಗಂಟೂ ಒಂದಕ್ಕೊಂದು ಬೆಸೆದುಕೊಂಡು ಒಂದೇ ಕೋಲಾಯಿತು. ಡಾಕ್ಟರು ಏನೋ ಉದ್ದದ ಹೆಸರು ಹೇಳಿದ್ದರು. ಅವಳು ಅದನ್ನು ತುಕ್ಕು ಅನ್ನುತ್ತಿದ್ದಳು. ಟ್ರಕ್ಕಾದರೆ ನೆಟ್ಟಗೆ ಹತ್ತಿ ಕೂರಬಹುದು. ಚಾರ್ಜರ್ ಹಾಗಲ್ಲ, ನೆಲಕ್ಕಂಟಿದ ಕಾರು. ಒಳಗೆ ಕೂರಬೇಕಾದರೆ ಮೈಯನ್ನು ಮಡಚಲೇಬೇಕು, ತಲೆ ತಗ್ಗಿಸಲೇಬೇಕು. ಅವಳಿಂದ ಎರಡೂ ಆಗುತ್ತಿರಲಿಲ್ಲ. ಹಾಗಾಗಿ ಕೆಲವು ವರ್ಷಗಳಿಂದ ಕಾರು ಗ್ಯಾರೇಜಿನಲ್ಲೇ ನಿಂತಿತ್ತು. ಆ ಈಸ್ಟರ್ ಬೆಳಿಗ್ಗೆ ಬಿಸಿಲು ಬಿದ್ದದ್ದು ನೋಡಿ ಆಸೆ ತಡೆಯಲಾರದೆ ಹೇಗೋ ನುಗ್ಗಲು ಹೋಗಿದ್ದಾಳೆ. ಹಣೆ ಟಾಪಿನ ಅಂಚಿಗೆ ಬಡಿದು ಸೀಳಿದೆ, ಅರ್ಧ ಮೈ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿದೆ. ಚರ್ಚಿಗೆ ಹೊರಟಿದ್ದ ಪಕ್ಕದ ಮನೆಯವರು ಬಂದು ಸೊಂಟ ಹಿಡಿದು ಎಳೆದರಂತೆ.

"ಚರ್ಚಿನ ಬಟ್ಟೆ ಹಾಕ್ಕೊಂಡು ನನ್ನನ್ನ ಗೆಣಸು ಕಿತ್ತ ಹಾಗೆ ಕಿತ್ರು," ಅಂದಳು. "ಒಂದ್ಸಲ ಆಯ್ತು. ಇನ್ನೊಂದ್ಸಲ ಆಗಲ್ಲ. ನಾನಂತೂ ಬಗ್ಗಲ್ಲ. ಬಗ್ಗೋಕೆ ಬರೋದೂ ಇಲ್ಲ. ಅದಕ್ಕೇ ಆ ಟಾಪೇ ಹೋಗಲಿ."

"ಆರ್ವೆಲ್ಲಾ, ಆ ಕಾರಿಗೆ ಕೆಳಗೆ ಬೇರೆ ಚಾಸಿ ಅಂತ ಇಲ್ಲ. ತಗಡಿನ ಮೈಯೇ ಅದರ ಮೂಳೆ. ಟಾಪು ತೆಗೆದ್ರೆ ನಡು ಮುರಿದ ಕುದುರೆ ಥರ ಮಧ್ಯಕ್ಕೆ ಕುಸಿಯುತ್ತೆ. ಕಂಪನಿಯವರೇ ಇದನ್ನ ಓಪನ್ ಟಾಪಲ್ಲಿ ಮಾಡ್ಲಿಲ್ಲ."

"ಕಂಪನಿಯವರಿಗೆ ನನ್ ಕತ್ತು ಇರ್ಲಿಲ್ಲ. ಆಗುತ್ತೋ ಆಗಲ್ವೋ, ಅಷ್ಟು ಹೇಳು."

ಆಗುತ್ತೆ, ಆದರೆ ಕೊಯ್ಯುವುದಕ್ಕೆ ಮೊದಲು ಅದಕ್ಕೊಂದು ಹೊಸ ಬೆನ್ನು ಕಟ್ಟಬೇಕು ಅಂದೆ. ಕಟ್ಟು ಅಂದಳು.

ಸುದ್ದಿ ಹರಡಲು ಒಂದು ವಾರವೂ ಬೇಕಾಗಲಿಲ್ಲ. ಮೊದಲು ಬಂದವನು ಅವಳ ತಮ್ಮ ಡೆಲ್ಮರ್. ಒಳ್ಳೆಯ ಮನುಷ್ಯ, ಸ್ವಲ್ಪ ಗೊಣಗು ಜಾಸ್ತಿ. ಅಕ್ಕ ಓಡಿಸಲಾಗದೆ ಹೋದ ಮೇಲೆ ಭಾನುವಾರ ಭಾನುವಾರ ಬಂದು ಆ ಕಾರನ್ನು ತೊಳೆದು, ಒರೆಸಿ, ಎಂಜಿನ್ ಶುರುಮಾಡಿ ಕಿವಿಗೊಟ್ಟು ನಿಲ್ಲುತ್ತಿದ್ದವನು ಅವನೇ. ಅಕ್ಕ ತಮ್ಮ ಇಬ್ಬರೂ ಸದಸ್ಯರಾಗಿದ್ದ ಊರಿನ ಹಳೇ ಕಾರುಗಳ ಕ್ಲಬ್ಬಿನ ಟೋಪಿ ಅವನ ತಲೆಯಿಂದ ಇಳಿದದ್ದೇ ನಾನು ಕಂಡಿಲ್ಲ.

"ಒಂದು ತಿರುಪು ಕೂಡ ಬದಲಾಗಿಲ್ಲ ಕಣೋ ಆ ಗಾಡೀಲಿ," ಅಂದ ನನಗೆ. "ಅದಕ್ಕೆ ಗರಗಸ ಇಡ್ತೀಯಲ್ಲ, ನಿನಗೆ ಊಟ ಸೇರುತ್ತಾ?"

"ನಿಮ್ಮಕ್ಕನ್ನ ಕೇಳು."

"ಅವಳಿಗೆ ಹೇಳಿದ್ರೆ ಕೇಳ್ತಾಳಾ? ಹುಟ್ಟಿದಾಗಿಂದ ಕೇಳಿಲ್ಲ."

ಅವನ ಬೆನ್ನಿಗೆ ಕ್ಲಬ್ಬಿನ ಅಧ್ಯಕ್ಷ ಲೋವೆಲ್ ಪಿಕರಿಂಗ್ ಬಂದ. ನೆಲಹಾಸಿನ ಅಂಗಡಿಗಳ ಮಾಲೀಕ, ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ಆವತ್ತು ಆರ್ವೆಲ್ಲಾ ಶೆಡ್ಡಿನಲ್ಲೇ ಇದ್ದಳು. ಕಾರಿನ ಸೀಟು, ಒಳಗಿನ ಬಟ್ಟೆ ಎಲ್ಲ ಬಿಚ್ಚಿಯಾಗಿತ್ತು.

"ಮೇಡಂ, ಈ ಟಾಪಿನ ಇಳಿಜಾರು ನೋಡಿ. ಹಿಂದಿನ ಗಾಜು ಎರಡು ರೆಕ್ಕೆ ಮಧ್ಯೆ ಹೇಗೆ ಒಳಗೆ ಕೂತಿದೆ ನೋಡಿ. ಈ ಕಾರಿನ ಮುಖ ಅಂದ್ರೆ ಇದೇ. ನೀವು ಇದನ್ನ ಕ್ಲಬ್ಬಿಗೆ ಕೊಡಿ. ಗಾಜಿನ ಕೋಣೇಲಿ, ನಿಮ್ಮ ಹೆಸರು ಬರೆದು ಇಡ್ತೀವಿ."

"ನನ್ನನ್ನೂ ಅದ್ರಲ್ಲಿ ಇಡ್ತೀರಾ?"

"ಅಂದ್ರೆ?"

"ಇಬ್ಬರೂ ಒಂದೇ ಕಾಲದ ಮಾಲು, ಇಬ್ಬರೂ ಅಲುಗಾಡಲ್ಲ. ಜೋಡಿ ಚೆನ್ನಾಗಿರುತ್ತೆ."

ಪಿಕರಿಂಗ್ ಮುಖ ಕೆಂಪಾಯಿತು. "ನೋಡಿ, ಇಂಥ ಕಾರಿಗೆ ನಾವೆಲ್ಲ ಬರೀ ಕಾವಲುಗಾರರು. ಮುಂದಿನವರಿಗೋಸ್ಕರ ಉಳಿಸಬೇಕು."

"ಕಾವಲಿಗೆ ನಾಯಿ ಸಾಕಿ," ಅಂದಳು ಆರ್ವೆಲ್ಲಾ. "ನಾನು ಇದನ್ನ ಓಡಿಸೋಕೆ ತಗೊಂಡೆ."

ಕೆಲಸ ಶುರುವಾಯಿತು. ಅದೇ ಕಂಪನಿ ಅದೇ ಕಾಲದಲ್ಲಿ ಮಾಡಿದ ಇನ್ನೊಂದು ಕಾರು ಓಪನ್ ಟಾಪಿನಲ್ಲೂ ಬರುತ್ತಿತ್ತು. ಎರಡಕ್ಕೂ ಅಡಿಯ ಅಳತೆ ಒಂದೇ. ಟೊಲೀಡೊ ಹತ್ತಿರದ ಗುಜರಿಯಲ್ಲಿ ಅಂಥದ್ದೊಂದು ಹುಲ್ಲಿನ ನಡುವೆ ಬಿದ್ದಿತ್ತು. ಅದರ ಹೊಟ್ಟೆಯಡಿಯ ಉಕ್ಕಿನ ಪಟ್ಟಿಗಳನ್ನೂ ಮಡಚುವ ಟಾಪಿನ ಹಂದರವನ್ನೂ ಬಿಚ್ಚಿ ತಂದೆ. ಚಾರ್ಜರಿನ ಮುಂದಿನ ಭಾಗದಿಂದ ಹಿಂದಿನವರೆಗೆ ಎರಡು ದಪ್ಪ ಉಕ್ಕಿನ ಕೊಳವೆ ಬೆಸೆದೆ, ಬಾಗಿಲುಗಳ ಕೆಳಗಿನ ಪೊಳ್ಳಿನಲ್ಲಿ ಇನ್ನೊಂದು ಪದರ ಕೊಟ್ಟೆ. ಕೊಯ್ಯುವಾಗ ಮೈ ಅಲುಗಬಾರದೆಂದು ಬಾಗಿಲು ತೆಗೆದ ಜಾಗಕ್ಕೆ ಅಡ್ಡಡ್ಡ ಪೈಪು ಹಾಕಿ ಬಿಗಿದೆ. ಆರ್ವೆಲ್ಲಾ ದಿನಾ ಮಧ್ಯಾಹ್ನ ಹುರುಳಿಕಾಯಿ, ಜೋಳದ ರೊಟ್ಟಿ ಡಬ್ಬಿಯಲ್ಲಿ ತಂದು ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಒಂದು ದಿನ, ನಾನು ಕಾರಿನಡಿಯಿಂದ ಹೊರಗೆ ಬಂದಾಗ ಅವಳು ಅಂಗೈಯನ್ನು ಟಾಪಿನ ಮೇಲೆ ಇಟ್ಟುಕೊಂಡು ನಿಂತಿದ್ದಳು.

"ಬೇಜಾರಾಗ್ತಿದ್ಯಾ?" ಅಂದೆ.

"ಆಗ್ದೆ ಇರುತ್ತಾ? ಚೆಂದ ಇಲ್ಲ ಅಂತ ಯಾವನಂದ?" ಕೈ ತೆಗೆದಳು. "ಚೆಂದ ಇದೆ ಅಂತ ಹೊರಗೆ ನಿಂತು ಸಾಯ್ಲಾ?"

ಕೊಯ್ಯುವ ದಿನ ಶನಿವಾರ. ನಾನು ಶೆಡ್ಡಿನ ಬಾಗಿಲು ಎತ್ತುವ ಹೊತ್ತಿಗೆ ಡೆಲ್ಮರ್ ಬಂದು ಕಾಯುತ್ತಿದ್ದ. ಕಾಫಿ ಮಾಡಲು ಹಿಂದೆ ಹೋಗಿ ಬರುವಷ್ಟರಲ್ಲಿ ಅವನು ಆ ಅಡ್ಡ ಪೈಪುಗಳ ಸಂದಿನಲ್ಲಿ ತೂರಿ ಕಾರಿನೊಳಗೆ ಬರೀ ತಗಡಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದ.

"ನಾನು ಇಳಿಯಲ್ಲ. ಕೊಯ್ಯೋದಾದ್ರೆ ನನ್ನ ಮೇಲೇ ಕೊಯ್ಯಿ."

ಆರ್ವೆಲ್ಲಾ ಬಂದಳು. ಒಳಗೆ ಬಗ್ಗಿ ನೋಡಲು ಅವಳಿಗಾಗದು. ಮುಂದಿನ ಗಾಜಿನ ಎದುರು ದೂರದಲ್ಲಿ ನಿಂತು ನೋಡಿದಳು.

"ಡೆಲ್ಮರ್, ಹೊರಗೆ ಬಾ."

"ಬರಲ್ಲ ಅಕ್ಕ. ನಿನಗೆ ಬುದ್ಧಿ ನೆಟ್ಟಗಿಲ್ಲ."

"ಬುದ್ಧಿ ಬಿಡು, ಮೈಯೆಲ್ಲ ನೆಟ್ಟಗಿದೆ. ಅದೇ ತೊಂದ್ರೆ. ಬರ್ತೀಯೋ ಇಲ್ವೋ?"

"ಈ ಗಾಡಿ ನೋಡ್ಕೊಂಡೋನು ನಾನು. ನೀನು ಮುಟ್ಟೋಕೂ ಆಗದೆ ಇದ್ದಾಗ ತೊಳೆದೋನು ನಾನು!"

ಅವನ ದನಿ ಒಡೆದಿತ್ತು. ನನಗೆ ಅವನ ಮೇಲೆ ನಿಜಕ್ಕೂ ಮರುಕವಾಯಿತು.

"ಗೊತ್ತು," ಅಂದಳು ಆರ್ವೆಲ್ಲಾ, ದನಿ ತಗ್ಗಿಸಿ. "ನೀನು ಹೋದ ಮೇಲೆ ದಿನಾ ಗ್ಯಾರೇಜಿಗೆ ಬಂದು ನಿಂತ್ಕೊಳ್ತಿದ್ದೆ. ಫಳಫಳ ಅಂತಿತ್ತು. ನೀನು ಚೆನ್ನಾಗೇ ತೊಳ್ದೆ. ಆದ್ರೆ ನೀನು ತೊಳೀತಿದ್ದದ್ದು ಹೆಣ ಕಣೋ, ಡೆಲ್ಮರ್."

ಅವನು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ. ಇಳಿಯಲಿಲ್ಲ. ಆರ್ವೆಲ್ಲಾ ನನ್ನ ಕಡೆ ಮೈ ತಿರುಗಿಸಿ ಕೈ ಚಾಚಿದಳು.

"ತಗಡು ಕೊಯ್ಯೋ ಗ್ರೈಂಡರ್ ಕೊಡು."

"ನಾನು ಮಾಡ್ತೀನಿ ಬಿಡು."

"ಮೊದಲನೇ ಗಾಯ ನನ್ನದು. ಕೊಡು."

ಕನ್ನಡಕ, ಕೈಗವಸು ಹಾಕಿಕೊಂಡಳು. ಕಾರು ತಗ್ಗು, ಟಾಪು ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಯಾವ ಟಾಪು ಅವಳನ್ನು ಒಳಗೆ ಬಿಡಲಿಲ್ಲವೋ ಅದನ್ನು ಕೊಯ್ಯಲು ಅವಳು ಬಗ್ಗಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಪಳಗಿದ ಕೈ ಗ್ರೈಂಡರನ್ನು ನೇರವಾಗಿ ಹಿಡಿಯಿತು. ಚಕ್ರ ತಗಡಿಗೆ ತಾಗಿದ್ದೇ ಶೆಡ್ಡು ಕಿರುಚಿತು, ಕಿಡಿಗಳ ಬಾಲ ಹಾರಿತು. ಕೆಲವು ಕಿಡಿ ಸೀಳಿನೊಳಗೆ ಇಳಿದವು. ಒಳಗಿನಿಂದ "ಅಯ್ಯಯ್ಯೋ" ಅಂತ ಕೇಳಿಸಿತು. ಡೆಲ್ಮರ್‌ನ ಕ್ಲಬ್ಬಿನ ಟೋಪಿ ಹೊಗೆಯಾಡುತ್ತಿತ್ತು. ಅವನು ಅದನ್ನು ಕಿತ್ತು ಬಡಿಯುತ್ತಾ ಪೈಪುಗಳ ನಡುವೆ ತೂರಲು ಹೋಗಿ ಹೊಟ್ಟೆಯ ಹತ್ತಿರ ಸಿಕ್ಕಿಕೊಂಡ.

ಆರ್ವೆಲ್ಲಾ ಗ್ರೈಂಡರ್ ನಿಲ್ಲಿಸಿದಳು. "ಕ್ಯಾಜ್, ಸೊಂಟ ಹಿಡಿದು ಎಳಿ. ಈಗ ಗೊತ್ತಾಗುತ್ತೆ ಇವನಿಗೆ."

ಎಳೆದೆ. ಹೊರಗೆ ಬಂದವನು ಯಾರ ಮುಖವನ್ನೂ ನೋಡದೆ ಹೊರಟುಹೋದ. ಉಳಿದದ್ದನ್ನು ನಾನು ಕೊಯ್ದೆ. ಸಂಜೆ ಟಾಪು ಎತ್ತಿ ನೆಲಕ್ಕಿಟ್ಟಾಗ ನನಗೇ ಆ ಬೋಳು ಕಾರು ಸುಲಿದ ಪ್ರಾಣಿಯಂತೆ ಕಾಣುತ್ತಿತ್ತು. ಆರ್ವೆಲ್ಲಾ ಮಾತ್ರ ಆ ಟಾಪನ್ನು ಹಗ್ಗ ಹಾಕಿ ತನ್ನ ಟ್ರಕ್ಕಿಗೆ ಕಟ್ಟಿಸಿಕೊಂಡು ನೇರವಾಗಿ ಕ್ಲಬ್ಬಿಗೆ ಹೋದಳು. ಅವರ ಸಭೆ ನಡೆಯುತ್ತಿತ್ತಂತೆ. ಬಾಗಿಲಿಗೆ ಅಡ್ಡವಾಗಿ ಇಳಿಸಿ, "ಪಿಕರಿಂಗ್ ಸಾಹೇಬರೇ, ನಿಮಗೆ ಬೇಕಾಗಿದ್ದದ್ದು ಇದು. ನನಗೆ ಬೇಕಾಗಿದ್ದದ್ದು ನನ್ನ ಹತ್ರ ಇದೆ" ಅಂದು ಬಂದಳು. ಆ ವಾರವೇ ಅವಳ ಸದಸ್ಯತ್ವ ರದ್ದಾಯಿತು. ಟಾಪನ್ನು ಮಾತ್ರ ಅವರು ಬಿಸಾಡಲಿಲ್ಲ. ಗೋಡೆಗೆ ತೂಗುಹಾಕಿದ್ದಾರೆಂದು ಕೇಳಿದೆ.

ಮೊದಲ ಸಲ ನಾನೇ ಓಡಿಸಿ ನೋಡಿದಾಗ ಕೆಲಸ ಕೆಟ್ಟಿತು. ರೈಲು ಹಳಿ ದಾಟುವಾಗ ಇಡೀ ಕಾರು ನಡುಗಿ, ಬಲಗಡೆಯ ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡಿತು. ಸೋತ ಮುಖ ಹಾಕಿಕೊಂಡು ವಾಪಸು ಬಂದೆ. ಇಷ್ಟು ದಿನ ಆಡಿಕೊಂಡವರೆಲ್ಲ ಸರಿಯೇನೋ ಅನ್ನಿಸಿತು. ಹಾಗಂತ ಹೇಳಿಯೂಬಿಟ್ಟೆ.

"ನಡುಗ್ತು ಅಷ್ಟೇ ತಾನೇ? ಇನ್ನೊಂದಿಷ್ಟು ಕಬ್ಬಿಣ ಹಾಕು," ಅಂದಳು ಆರ್ವೆಲ್ಲಾ. "ನಾನು ಹೇಗೂ ಬಿಗಿಯಾಗಿದ್ದೀನಿ, ಕಾರೂ ಬಿಗಿಯಾಗ್ಲಿ."

ಸೀಟಿನ ಹಿಂದೆ ಅಡ್ಡ ತೊಲೆ ಕೊಟ್ಟೆ, ಹೊಟ್ಟೆಯಡಿಯಲ್ಲಿ ಕತ್ತರಿ ಆಕಾರದಲ್ಲಿ ಉಕ್ಕಿನ ಪಟ್ಟಿ ಬೆಸೆದೆ, ಮುಂದಿನ ಗಾಜಿನ ಚೌಕಟ್ಟಿಗೆ ಒಳಗಿನಿಂದ ಬಲ ತುಂಬಿದೆ. ಸೀಟನ್ನು ಹೊರಗೆ ತಿರುಗುವ ಹಾಗೆ ಮಾಡಿದೆ. ಕತ್ತು ತಿರುಗದವಳಿಗೆ ಹಿಂದಿನದು ಕಾಣಬೇಕಲ್ಲ, ಎರಡೂ ಬದಿಗೆ ದೊಡ್ಡ ಕನ್ನಡಿ, ಮೇಲೆ ಒಂದು ಅಗಲದ ಕನ್ನಡಿ ಹಾಕಿದೆ. ಕಪ್ಪು ಬಟ್ಟೆಯ ಟಾಪು ಹಿಂದೆ ಮಡಚಿ ಕೂತಿತು. ಮತ್ತೆ ಹಳಿ ದಾಟಿದೆ. ಬಾಗಿಲು ಮಿಸುಕಲಿಲ್ಲ.

ಅವಳು ಹತ್ತಿದ ದಿನ ನಾನು ಸಹಾಯಕ್ಕೆ ಕೈ ಚಾಚಿದೆ. "ಸರಿ ಆಚೆ" ಅಂದಳು. ಬೆನ್ನು ಮಾಡಿ ನಿಂತು, ನೆಟ್ಟಗೆ ಸೀಟಿನ ಮೇಲೆ ಕುಳಿತು, ಕಾಲೆತ್ತಿ ಒಳಗಿಟ್ಟು, ಸೀಟು ತಿರುಗಿಸಿಕೊಂಡಳು. ತಲೆಯ ಮೇಲೆ ಬರೀ ಆಕಾಶ. ಎರಡು ಕೈಯಲ್ಲೂ ಸ್ಟೇರಿಂಗ್ ಸವರಿದಳು, ಕೀಲಿ ತಿರುಗಿಸಿದಳು. ಎಂಜಿನ್ ಗುಡುಗಿತು. ಅವಳ ಕೆನ್ನೆ ಒದ್ದೆಯಾಗಿತ್ತು. ನಾನು ಕಂಡೆನೆಂದು ತಿಳಿದು, "ಹೊಗೆ" ಅಂದಳು.

ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ. ಕ್ಲಬ್ಬಿನವರು ರಸ್ತೆಬದಿಯ ಹುಲ್ಲಿನ ಮೇಲೆ ತಮ್ಮ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಹಗ್ಗ ಕಟ್ಟಿ, ಮಡಚುವ ಕುರ್ಚಿ ಹಾಕಿ ಕೂತಿದ್ದರು. ಡೆಲ್ಮರ್ ಅಲ್ಲೇ ಇದ್ದ. ತಿಂಗಳುಗಳಿಂದ ಅಕ್ಕನ ಜೊತೆ ಮಾತಿಲ್ಲ. ನಾನು ಆರ್ವೆಲ್ಲಾ ಪಕ್ಕದಲ್ಲಿ ಕೂತಿದ್ದೆ. ನಮ್ಮನ್ನು ಕಂಡದ್ದೇ ಪಿಕರಿಂಗ್ ಎದ್ದು ಬಂದು ಎರಡೂ ಕೈ ಅಡ್ಡ ಹಿಡಿದ.

"ಕ್ಷಮಿಸಿ ಮೇಡಂ, ಈ ಜಾಗ ಮೂಲರೂಪದ ಕಾರುಗಳಿಗೆ ಮಾತ್ರ. ಇಲ್ಲಿ ನಿಲ್ಲಿಸೋ ಹಾಗಿಲ್ಲ."

"ನಿಲ್ಲಿಸೋಕೆ ಯಾರು ಬಂದ್ರು?" ಅಂದಳು ಆರ್ವೆಲ್ಲಾ. "ನಿಂತಿದ್ದು ಸಾಕಾಗಿದೆ ನನಗೆ."

ಗೇರು ಹಾಕಿ ಹೊರಟಳು. ಆ ದಿನವೆಲ್ಲ ವುಡ್‌ವರ್ಡ್‌ನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಪಾದಚಾರಿಗಳ ದಾರಿಯಲ್ಲಿ ನಿಂತ ಜನ ಕೂಗಿದರು. ಕೆಲವರು ಹೊಗಳಿದರು, ಕೆಲವರು ಛೀಮಾರಿ ಹಾಕಿದರು. "ಅದನ್ನ ಕೊಂದ್ಬಿಟ್ಯಲ್ಲೇ!" ಎಂದೊಬ್ಬ ಮುದುಕ ಚೀರಿದ. ಆರ್ವೆಲ್ಲಾ ಪೆಡಲ್ ಒತ್ತಿ ಎಂಜಿನ್ನನ್ನು ಅವನ ಕಿವಿಗೆ ಬಡಿಯುವಂತೆ ಗುಡುಗಿಸಿ, "ಸತ್ತಿದ್ದು ಹೀಗೆ ಅರಚುತ್ತಾ?" ಅಂದಳು. ಕ್ಲಬ್ಬಿನ ಹಗ್ಗದ ಮುಂದೆ ಹಾಯುವಾಗಲೆಲ್ಲ ಡೆಲ್ಮರ್ ನೆಲ ನೋಡುತ್ತಿದ್ದ. ಸಂಜೆ, ಕೊನೆಯ ಸುತ್ತಿನಲ್ಲಿ, ಅವನು ತಲೆಯೆತ್ತಿ ಕಾರನ್ನು ದೂರದವರೆಗೆ ನೋಡುತ್ತಿದ್ದುದು ಮೇಲಿನ ಕನ್ನಡಿಯಲ್ಲಿ ಇಬ್ಬರಿಗೂ ಕಾಣಿಸಿತು.

ಅಕ್ಟೋಬರ್‌ನಲ್ಲಿ, ಅಮ್ಮನ ಸಮಾಧಿ ನೋಡಲು ಕೆಂಟಕಿಗೆ ಹೊರಟಿದ್ದೇನೆಂದು ಅವಳು ತಮ್ಮನ ಮನೆಯ ಮುಂದೆ ಹಾರ್ನ್ ಹೊಡೆದು ಹೇಳಿದಳಂತೆ. ಅವನು ಬಾಗಿಲಲ್ಲಿ ನಿಂತು, "ಮಳೆ ಬಂದ್ರೆ?" ಅಂದ.

"ನೆನೀತೀಯ."

ಬೈಯುತ್ತಲೇ ಒಳಗೆ ಹೋಗಿ ಕೋಟು ತಂದು ಹತ್ತಿದನಂತೆ. ಒಹಾಯೊ ದಾಟುವಾಗ ಮಳೆ ಬಂದೇ ಬಂತು. ಪಕ್ಕದಲ್ಲೇ ಗುಂಡಿ ಇತ್ತು, ಒತ್ತಿದ್ದರೆ ಬಟ್ಟೆಯ ಟಾಪು ಏಳುತ್ತಿತ್ತು; ಆ ಹೆಂಗಸು ಕೆಂಟಕಿಯ ಗುಡ್ಡ ಕಾಣುವವರೆಗೂ ಒತ್ತಲಿಲ್ಲ ಎಂದು ಡೆಲ್ಮರ್ ಇವತ್ತಿಗೂ ಸಿಕ್ಕವರಿಗೆಲ್ಲ ದೂರು ಹೇಳುತ್ತಾನೆ.