ಇಸೋಗಾಯ್ ಅಮ್ಮನ ಬಾಗಿಲು

ಬೆಳಿಗ್ಗೆಯಿಂದ ಮೇಕಪ್ ಬ್ರಷ್ಷು ಎರಡು ಸಲ ನನ್ನ ಕೈಯಿಂದ ಕೆಳಗೆ ಬಿತ್ತು.

"ಏನೇ ಚಿನಾಮಿ, ಮುಖಕ್ಕೆ ಬಣ್ಣ ಹಚ್ತಿದೀಯೋ, ಗೋಡೆಗೆ ಸುಣ್ಣ ಬಳೀತಿದೀಯೋ?" ಎಂದರು ಇಸೋಗಾಯ್ ಅಮ್ಮ. ಅವರಿಗೆ ಎಪ್ಪತ್ತೆಂಟು, ನಾಲಿಗೆಗೆ ಮಾತ್ರ ಇಪ್ಪತ್ತು.

ಟೋಕಿಯೊದ ಆ ಸ್ಟುಡಿಯೊದಲ್ಲಿ ಮೂರು ಕಾದಂಬರಿಗಳನ್ನು ಆರು ಕಂತಿನ ಧಾರಾವಾಹಿ ಮಾಡುತ್ತಿದ್ದೆವು. ಮಗಳು ನೌಕೆಯೇರಿ ದೂರದ ನಕ್ಷತ್ರಕ್ಕೆ ಹೋಗುತ್ತಾಳೆ. ಬೆಳಕಿನ ವೇಗಕ್ಕೆ ಸಮೀಪದ ಆ ಪಯಣದಲ್ಲಿ ಅವಳಿಗೆ ಎರಡೇ ವರ್ಷ ಕಳೆದರೆ, ಭೂಮಿಯಲ್ಲಿ ಕಾಯುವ ಅರವತ್ತರ ತಾಯಿಗೆ ಮೂವತ್ತು ವರ್ಷ ಕಳೆಯುತ್ತದೆ. ಮೂರನೆಯ ಪುಸ್ತಕದ ಕೊನೆಯಲ್ಲಿ ತೊಂಬತ್ತರ ತಾಯಿ ಎದ್ದು, ಮರಳಿ ಬಂದ ಮಗಳಿಗೆ ಬಾಗಿಲು ತೆರೆಯುತ್ತಾಳೆ. ಆ ಬಾಗಿಲಿಗಾಗಿಯೇ ಇಸೋಗಾಯ್ ಅಮ್ಮ ತಾಯಿಯ ಪಾತ್ರ ಒಪ್ಪಿದ್ದರು. ಆರು ತಿಂಗಳಿಂದ ಕೂದಲಿಗೆ ಬಣ್ಣ ಹಾಕಿರಲಿಲ್ಲ.

ಆ ದೃಶ್ಯಕ್ಕೆ ನಿನ್ನೆ ಕತ್ತರಿ ಬಿದ್ದಿತ್ತು. ಚಾನೆಲ್‌ನವರು ಆರು ಕಂತನ್ನು ಐದಕ್ಕೆ ಇಳಿಸಿದ್ದರು. ಹೊಸ ವೇಳಾಪಟ್ಟಿ ನಮ್ಮ ಕೈಸೇರಿತ್ತು. ಅಮ್ಮನಿಗೆ ಹೇಳುವ ಧೈರ್ಯ ನಿರ್ದೇಶಕ ತೊನೊಓಕಾನಿಗೆ ಇರಲಿಲ್ಲ. ನನಗೂ ಇರಲಿಲ್ಲ.

"ನಾಳೆ ತೊಂಬತ್ತರ ಸುಕ್ಕು ಅಲ್ವೇನೇ? ಕುತ್ತಿಗೆಗೂ ಬರೀಬೇಕು, ಮರೀಬೇಡ."

"ಹೂಂ ಅಮ್ಮ," ಎಂದೆ. ನನ್ನ ನಾಲಿಗೆ ಸೇದಿಹೋಗ.

ಮಧ್ಯಾಹ್ನ, ತಾಯಿ ರೇಡಿಯೊ ಮುಂದೆ ಮಗಳ ದನಿಗೆ ಕಾಯುವ ದೃಶ್ಯ ಮುಗಿಯಿತು. ಒಬ್ಬರ ಪಾತ್ರ ಪೂರ್ತಿ ಮುಗಿದಾಗ ಅವರ ಹೆಸರು ಕೂಗಿ ಹೂಗುಚ್ಛ ಕೊಡುವುದು ನಮ್ಮ ರೂಢಿ. ಅಮ್ಮನಿಗೆ ವಿಷಯ ಗೊತ್ತಿದೆ ಎಂದುಕೊಂಡಿದ್ದ ಸಹಾಯಕ ನಿರ್ದೇಶಕಿ, ಪಾಪ, ಕೂಗಿಯೇಬಿಟ್ಟಳು.

"ಇಸೋಗಾಯ್ ಅಮ್ಮನ ಚಿತ್ರೀಕರಣ ಇಲ್ಲಿಗೆ ಮುಗೀತು! ತುಂಬ ಶ್ರಮಪಟ್ರಿ ಅಮ್ಮ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲ, ನಾನೂ ತಟ್ಟಿದೆ.

ಅಮ್ಮ ಹೂ ನೋಡಿದರು, ತೊನೊಓಕಾನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ನೆಲ ನೋಡಿದೆ.

"ಇದು ಮುಗಿಸಿದೋರಿಗೆ ಕೊಡೋದಪ್ಪ. ನನ್ ಮಗಳಿನ್ನೂ ಬಂದಿಲ್ಲ."

ಹೂಗುಚ್ಛವನ್ನು ತೊನೊಓಕಾನ ಕೈಗೆ ತುರುಕಿ, ಸೆಟ್ಟಿನ ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕುಳಿತರು.

"ಅಮ್ಮ, ಚಾನೆಲ್‌ನೋರು..." ಅವನು ತೊದಲಿದ.

"ಸುಮ್ನಿರೋ. ಕಾಯ್ತಿದೀನಿ."

ಮಗಳ ಪಾತ್ರದ ರುರಿ ನೌಕೆಯ ಉಡುಪಿನಲ್ಲೇ ಮೂಲೆಯಲ್ಲಿ ಅನ್ನದುಂಡೆ ತಿನ್ನುತ್ತಿದ್ದಳು. ಅರ್ಧ ತಿಂದದ್ದನ್ನು ನನ್ನ ಕೈಗಿಟ್ಟು ಸೆಟ್ಟಿನ ಹಿಂದಕ್ಕೆ ಓಡಿದಳು. ಆಚೆಯಿಂದ ಬಾಗಿಲು ತಟ್ಟಿದ ಸದ್ದು ಕೇಳಿತು. ಕ್ಯಾಮೆರಾದವನು ಯಾರನ್ನೂ ಕೇಳದೆ ಗುಂಡಿ ಒತ್ತಿದ.

ಅಮ್ಮ ಎದ್ದರು. ಬಾಗಿಲಿಗೆ ಆರೇ ಹೆಜ್ಜೆ. ಗೋಡೆ ಹಿಡಿದು ಹಿಡಿದು ನಡೆದರು. ಸುಕ್ಕು ಬರೆಯಲು ನನಗೆ ಸಮಯ ಸಿಗಲಿಲ್ಲ. ಚಿಲಕಕ್ಕೆ ಕೈ ಹಾಕುವ ಹೊತ್ತಿಗೆ ಅವರಿಗೆ ತೊಂಬತ್ತಾಗಿತ್ತು.