ಕಾಲಡಿಯ ವೇಗ

ಶಂಖದ ಬಳೆ ಚಟ್ ಅಂದಿತು. ಶಿಯುಲಿ ಕೆತ್ತುವ ಮೆಷಿನ್ ಆರಿಸಿ ಅಂಗೈ ನೋಡಿಕೊಂಡಳು. ಬಳೆ ಎರಡು ತುಂಡು. ಸುಟ್ಟ ಕೂದಲಿನಂಥ ವಾಸನೆ.

"ಹೆಚ್ಚಿತಾ?" ಪಕ್ಕದ ಮಣೆಯ ಗೌರ್‌ದಾ ತಲೆಯೆತ್ತದೆ ಕೇಳಿದ.

"ಹೂಂ. ಹೆಚ್ಚಿತು."

ಬಂಗಾಳದ ಬಿಷ್ಣುಪುರದಲ್ಲಿ, ಶಂಖದ ಬಳೆ ಮಾಡುವವರ ಶಂಖಾರಿ ಓಣಿಯಲ್ಲಿ ಬಳೆ ಒಡೆಯುವುದೇ ಇಲ್ಲ, ಹೆಚ್ಚುತ್ತದೆ. ಮುತ್ತೈದೆಯ ಕೈಗೆ ಹೋಗುವ ವಸ್ತು, ಅದಕ್ಕೆ ಕೆಟ್ಟ ಮಾತು ತಾಗಬಾರದು. ಹಾಗಾಗಿ ಕಾರ್ಖಾನೆಯ ಯಜಮಾನ ನಿತಾಯಿ ಕಾಕಾ ಹೊಸ ಕೈಮೆಷಿನ್ ತಂದಾಗಿನಿಂದ ಮೂಲೆಯ ಬುಟ್ಟಿಯಲ್ಲಿ ಬಳೆಗಳು ಹೆಚ್ಚುತ್ತಲೇ ಇದ್ದವು. ಮೆಷಿನ್ನಿಗೆ ಇದ್ದದ್ದು ಒಂದೇ ವೇಗ. ಗುಂಡಿ ಒತ್ತಿದರೆ ಕಿರುಚಾಟ, ಬಿಟ್ಟರೆ ಮೌನ. ಒರಟು ಮೈ ಉಜ್ಜುವುದಕ್ಕೆ ಅದು ಸೈ. ಹೂವಿನ ಎಸಳು ಕೆತ್ತಲು ಹೋದರೆ ಮೊನೆ ಜಾರುತ್ತದೆ, ಶಂಖ ಕಾಯುತ್ತದೆ, ಆಮೇಲೆ ಚಟ್.

ಗೌರ್‌ದಾನ ಕೈಯಲ್ಲೂ ಅಷ್ಟೇ ಹೋಗುತ್ತಿದ್ದವು. ಅವನದಾದರೆ ಅದು ಶಂಖದ ಹಣೆಬರಹ, ಶಿಯುಲಿಯದಾದರೆ ಹುಡುಗಿಯ ಕೈ. ಆ ಓಣಿಯಲ್ಲಿ ಹೆಂಗಸರದ್ದು ಒಳಗಿನ ಕೆಲಸ: ತೊಳೆಯೋದು, ಶಂಖದ ತೂತುಗಳಿಗೆ ಮೇಣ ತುಂಬೋದು. ಕೆತ್ತನೆಯ ಮಣೆ ಮೇಲೆ ಕೂತ ಮೊದಲ ಹುಡುಗಿ ಇವಳೇ.

"ತಾಯಿ, ಹಿಂಗೇ ಆದ್ರೆ ನೀನು ಒಳಗೆ ಕಾಕೀಮಾ ಹತ್ರ ಹೋಗಿ ಮೇಣ ತುಂಬು," ಎಂದು ಒಳಗಿದ್ದ ಹೆಂಡತಿಯ ಕಡೆ ಕೈ ತೋರಿದ್ದರು ಕಾಕಾ. ಸಿಟ್ಟಿನಿಂದಲ್ಲ, ಮುದ್ದಿನಿಂದ. ಆ ಮುದ್ದೇ ಅವಳಿಗೆ ಮೈ ಉರಿಸಿದ್ದು.

ಮೊದಲು ಅವಳು ಹಳೇ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿ ಮೆಷಿನ್ನಿಗೆ ಸಿಕ್ಕಿಸಿದಳು. ಮೆಷಿನ್ ಗುಂಯ್ ಅಂತ ನರಳಿತು, ರೆಗ್ಯುಲೇಟರಿನಿಂದ ಹೊಗೆ ಬಂತು. ಗೌರ್‌ದಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ, ಆರತಿ ಮಾಡಿದ್ಯಲ್ಲೇ!"

ಆಮೇಲೆ ರವಿಕೆ ಹೊಲಿಸಲು ಎದುರುಮನೆಯ ಜ್ಯೋತ್ಸ್ನಾ ಮಾಸಿ ಹತ್ತಿರ ಹೋದಾಗ ಅವಳ ಕಣ್ಣು ಮಾಸಿಯ ಪಾದದ ಮೇಲೆ ನೆಟ್ಟಿತು. ಮಾಸಿ ಪೆಡಲ್ ಮೇಲೆ ಹೆಬ್ಬೆರಳು ಇಟ್ಟರೆ ಸೂಜಿ ಒಂದೊಂದೇ ಹೊಲಿಗೆ ಹಾಕುತ್ತದೆ, ಅದುಮಿದರೆ ಓಡುತ್ತದೆ. ಹೊಲಿಗೆ ಮೆಷಿನ್ನಿನ ಮೋಟರಿನ ಮುಚ್ಚಳ ತೆಗೆಸಿ ನೋಡಿದಳು. ಒಳಗೆ ಸಣ್ಣ ಕರಿ ಇದ್ದಿಲ ಬ್ರಷ್‌ಗಳು! ಅವಳ ಕೈಮೆಷಿನ್ನಿನಲ್ಲೂ ಅವೇ ಇದ್ದವು, ಸವೆದಾಗ ಅವಳೇ ಬದಲಾಯಿಸಿದ್ದಳು. ಫ್ಯಾನಿನಲ್ಲಿ ಎಲ್ಲಿವೆ ಬ್ರಷ್ಷು? ಅದರ ಜಾತಿಯೇ ಬೇರೆ, ಅದಕ್ಕೇ ಅದರ ರೆಗ್ಯುಲೇಟರ್ ಇದಕ್ಕೆ ಒಗ್ಗಲಿಲ್ಲ.

"ಮಾಸಿ, ಹಳೇ ಪೆಡಲ್ ಇದ್ರೆ ಕೊಡಿ."

"ತಗೊಂಡು ಹೋಗು, ಆರತಿ ಮಾತ್ರ ಮಾಡಬೇಡ," ಎಂದಳು ಮಾಸಿ. ಸುದ್ದಿ ಓಣಿಯಿಡೀ ಮುಟ್ಟಿತ್ತು.

ಮರುದಿನ ಪೆಡಲ್ ಸೇರಿಸಿದ ಮೆಷಿನ್ ಕಿರುಚಲಿಲ್ಲ. ಶಿಯುಲಿ ಕಾಲು ಊರಿದಷ್ಟೇ ಅದು ತಿರುಗಿತು. ಎರಡೂ ಕೈ ಬಳೆಯ ಮೇಲೆ, ಮೊನೆ ಎಸಳಿನ ಅಂಚಿನಲ್ಲಿ ಮೆಲ್ಲಗೆ. ಶಂಖ ತಣ್ಣಗೇ ಇತ್ತು. ಮಧ್ಯಾಹ್ನ ಮಂಡಕ್ಕಿ ತಿನ್ನುವ ಹೊತ್ತಿಗೆ ಅವಳ ಮುಂದೆ ಚಂದದ ಜೋಡಿ ಬಳೆಗಳು ಮಲಗಿದ್ದವು.

ಕಾಕಾ ಬಂದವರು ಬಳೆ ನೋಡಲಿಲ್ಲ, ಪೆಡಲ್ ನೋಡಿದರು.

"ಶಂಖದ ಕೆಲಸಕ್ಕೆ ಕಾಲಾ? ಅಪಚಾರ ಕಣೇ!"

"ತಾತ ಶಂಖ ಕೊಯ್ಯುವಾಗ ಪಾದಗಳ ನಡುವೆ ಒತ್ತಿ ಹಿಡೀತಿದ್ರಲ್ಲ ಕಾಕಾ. ಅವರ ಕಾಲು ಏನು, ಗಂಗೆಲಿ ತೊಳೆದಿದ್ದಾ?"

ಗೌರ್‌ದಾ ಕೆಮ್ಮಿ ನಗು ಮುಚ್ಚಿಕೊಂಡ. ಕಾಕಾ ಮೆಷಿನ್ ಮುಟ್ಟಿ ಕೈ ಹಿಂದೆಳೆದುಕೊಂಡರು. "ನೋಡು, ಸುಡ್ತಿದೆ! ಸಾಯಿಸ್ತೀಯ ಇದನ್ನ."

"ನಿಧಾನ ತಿರುಗಿದ್ರೆ ಒಳಗಿನ ಗಾಳಿ ಸಾಲಲ್ಲ. ಅದಕ್ಕೆ ಹಿಂಗೆ." ಬಳೆ ಪಕ್ಕಕ್ಕಿಟ್ಟು ಮೆಷಿನ್ನನ್ನು ಖಾಲಿ ಗಾಳಿಯಲ್ಲಿ ಹಿಡಿದು ಪೆಡಲ್ ಪೂರ್ತಿ ಅದುಮಿದಳು. ಅದು ಕಿರುಚಿ ಕಿರುಚಿ ತಣ್ಣಗಾಗತೊಡಗಿತು.

"ಮದುವೆ ತಿಂಗಳು ತಾಯಿ. ನಮಗೆ ಬೇಕಿರೋದು ವೇಗ. ತೆಗಿ ಅದನ್ನ."

"ವೇಗದಿಂದ ಬಂದಿದ್ದೆಲ್ಲ ಆ ಬುಟ್ಟಿಲಿದೆ ನೋಡಿ."

"ಹೆಚ್ಚೋದು ಹೆಚ್ಚುತ್ತೆ. ಶಂಖ ಅಂದ್ಮೇಲೆ..."

"ಹೆಚ್ಚಿಲ್ಲ ಕಾಕಾ. ಒಡೆದಿದೆ."

ಗೌರ್‌ದಾನ ಮೆಷಿನ್ ನಿಂತಿತು. ಒಳಗಿನಿಂದ ಕಾಕೀಮಾ "ದುರ್ಗಾ, ದುರ್ಗಾ!" ಅಂದರು.

"ಒಡೆದಿದೆ," ಶಿಯುಲಿ ಇನ್ನೂ ಜೋರಾಗಿ ಅಂದಳು. "ಕೆಲವು ವೇಗಕ್ಕೆ ಒಡೆದಿದೆ, ಕೆಲವು ಬಿಸಿಗೆ ಒಡೆದಿದೆ. ಹೆಚ್ಚಿತು ಹೆಚ್ಚಿತು ಅಂತ ಬುಟ್ಟಿಗೆ ಹಾಕ್ತಾ ಕೂತ್ರೆ ಯಾಕೆ ಅಂತ ಯಾರು ಕೇಳ್ತಾರೆ?"

ಕಾಕಾ ಗೋಡೆಯಿಂದ ಪ್ಲಗ್ ಕಿತ್ತರು. ಶಿಯುಲಿ ಎದ್ದು ಹೋಗಿ ಮತ್ತೆ ಸಿಕ್ಕಿಸಿ ಬಂದು ಕೂತಳು. ಕಾಕಾ ರಾಶಿಯಿಂದ ಒಂದು ತೆಳು ಬಳೆ ಆರಿಸಿ ಅವಳ ಮುಂದೆ ಇಟ್ಟರು.

"ಆಯ್ತು. ಇದನ್ನ ಕೆತ್ತು. ಹೆಚ್ಚಿದ್ರೆ ಒಳಗೆ ಹೋಗಬೇಕು."

"ಕೆತ್ತೀನಿ. ಪಂದ್ಯ ಮಾತ್ರ ಬೇಡ. ಗೌರ್‌ದಾಗೆ ಯಾವತ್ತಾದ್ರೂ ಹಿಂಗೆ ಹೇಳಿದ್ರಾ? ಒಡೆದ್ರೂ ನಾನು ಇಲ್ಲೇ ಕೂರೋದು."

"ನನ್ನ ಹೆಸರು ಯಾಕೆ ಎಳೀತೀಯ ಮಾರಾಯ್ತಿ," ಗೌರ್‌ದಾ ಗೊಣಗಿದ.

ಅವಳು ಕಾಲು ಊರಿದಳು. ಒಂದು ಎಸಳು ಬಂತು, ಎರಡನೆಯದೂ ಬಂತು. ಮೂರನೆಯದರ ನಡುವೆ ಚಟ್.

ಶಿಯುಲಿ ತುಂಡನ್ನು ಬೆಳಕಿಗೆ ಹಿಡಿದಳು.

"ಒಡೀತು. ಶಂಖ ಬಿಸಿಯಾಗಿಲ್ಲ, ಮುಟ್ಟಿ ನೋಡಿ. ಒಳಗೆ ಹುಳ ಕೊರೆದಿತ್ತು, ಈ ತೂತು ನೋಡಿ. ಇಂಥವನ್ನ ಕೆತ್ತೋಕೆ ಮುಂಚೆನೇ ಬೇರೆ ತೆಗೀಬೇಕು."

ತುಂಡುಗಳನ್ನು ಬುಟ್ಟಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಮುಂದಿನ ಬಳೆ ಎತ್ತಿಕೊಂಡಳು. ಮೆಷಿನ್ ಮೆಲ್ಲಗೆ ಗುನುಗತೊಡಗಿತು.

ಕಾಕಾ ಬಗ್ಗಿ ಬುಟ್ಟಿಯಿಂದ ಆ ತುಂಡು ತೆಗೆದರು. ತೂತಿನ ಮೇಲೆ ಉಗುರಾಡಿಸಿದರು. ಇನ್ನೊಂದು ತುಂಡು ತೆಗೆದರು, ಅದರಲ್ಲಿ ತೂತಿರಲಿಲ್ಲ, ಅಂಚು ಬಿಸಿಗೆ ಕಂದಿತ್ತು. ಆಮೇಲೆ ಒಳಗಿನ ಬಾಗಿಲ ಕಡೆ ಕತ್ತು ತಿರುಗಿಸಿದರು.

"ಏಯ್, ಮೇಣ ತುಂಬೋಕೆ ಬೇರೆ ಯಾರನ್ನಾದ್ರೂ ನೋಡ್ಕೋ. ಇವಳು ಬರೋಲ್ವಂತೆ."